ಭಾರತ–ನೇಪಾಳ ರೂಪಾಯಿ ದರದ ಗ್ರಾಫ್ ಯಾಕೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ? ಮೊದಲಿಂದಲೂ 1.60 ಇತ್ತಾ?

ನಿಮ್ಮ ಡೇಟಾ ತಪ್ಪಿಲ್ಲ. ಮಂಡ್ಯದಲ್ಲಿ ಬಿ.ಕಾಂ. ಪ್ರಾಜೆಕ್ಟಿಗೆ ಅಂತ ಗ್ರಾಫ್ ಹಾಕಿದರೆ ಏರಿಳಿತವೇ ಇಲ್ಲ, ಸುಮ್ನೆ ಸಣ್ಣ ನಡುಕ ಮಾತ್ರ ಕಾಣುತ್ತೆ ಅಂತ ಬರೆದಿದ್ದೀರಿ. ಆ ಗೆರೆ ಸರಿಯಾಗೇ ಇದೆ. 1993ರ ಫೆಬ್ರವರಿ 12ರಿಂದ ನೇಪಾಳ ತನ್ನ ರೂಪಾಯಿಯನ್ನು ನಮ್ಮ ರೂಪಾಯಿಗೆ ಕಟ್ಟಿ ನಿಲ್ಲಿಸಿದೆ. ನಮ್ಮ 100ಕ್ಕೆ ಅವರ 160. ಆದರೆ ಮೊದಲಿಂದಲೂ ಹೀಗೇ ಇರಲಿಲ್ಲ. ನಿಮ್ಮ ಪ್ರಾಜೆಕ್ಟಿಗೆ ಬೇಕಾದ ಕಥೆಯೆಲ್ಲ 1993ಕ್ಕಿಂತ ಹಿಂದೆ ಇದೆ.

ನಾನು ಬ್ಯಾಂಕಿನವಳಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮೆಸ್ ನಡೆಸುತ್ತೇನೆ. ನಮ್ಮ ಅಡುಗೆಮನೆಯಲ್ಲಿ ಒಂಬತ್ತು ವರ್ಷದಿಂದ ಇರುವ ಹುಡುಗ ನೇಪಾಳದ ಅಚ್ಛಾಮ್ ಕಡೆಯವನು. ಊರಿಗೆ ಫೋನ್ ಮಾಡಿ ದುಡ್ಡಿನ ಮಾತು ಬಂದಾಗಲೆಲ್ಲ "ಐಸಿ, ಐಸಿ" ಅನ್ನುತ್ತಿದ್ದ. ಏನಪ್ಪಾ ಅದು ಅಂತ ಕೇಳಿದೆ. "ಐಸಿ ಅಂದ್ರೆ ಇಂಡಿಯನ್ ಕರೆನ್ಸಿ ಅಕ್ಕಾ, ಎನ್‌ಸಿ ಅಂದ್ರೆ ನಮ್ದು" ಅಂದ. ಎರಡಕ್ಕೂ ಹೆಸರು ರೂಪಾಯಿಯೇ ಅಲ್ವಾ? ಯಾವುದು ಅಂತ ಹೇಳದಿದ್ದರೆ ಮನೆಯವರಿಗೆ ಲೆಕ್ಕ ತಪ್ಪುತ್ತೆ.

ಒಂದು ಸಲ ಅವನು ಯಾರೋ ಏಜೆಂಟ್ ಕೈಲಿ 10,000 ಕಳಿಸಿದ. ಮನೆಗೆ ಎನ್‌ಸಿಯಲ್ಲಿ 16,000 ಮುಟ್ಟಬೇಕಿತ್ತು, ಮುಟ್ಟಿದ್ದು 15,000. "ಈ ವಾರ ರೇಟ್ ಬಿದ್ದಿದೆ" ಅಂದನಂತೆ ಏಜೆಂಟ್. ಕಮಿಷನ್ ಹಿಡಿದೆ ಅಂದಿದ್ದರೆ ಅದು ಬೇರೆ ಮಾತು. ರೇಟ್ ಬಿತ್ತು ಅನ್ನುವುದು ಹಸಿ ಸುಳ್ಳು. ಆ ಸಾವಿರ ರೂಪಾಯಿ ವಾಪಸ್ ಬರಲಿಲ್ಲ. ನನಗೆ ಹೊಟ್ಟೆ ಉರಿದು, ಈ ದರದ ಹಿಂದೆ ಬಿದ್ದು ಓದಿದೆ.

ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ ಅಲ್ಲಿರುವ ನೇಪಾಳ ರಾಷ್ಟ್ರ ಬ್ಯಾಂಕ್ ಹುಟ್ಟಿದ್ದು 1956ರಲ್ಲಿ. ಅದಕ್ಕೂ ಮೊದಲು, ಆಮೇಲೂ ಕೆಲವು ವರ್ಷ, ಅಲ್ಲಿ ನಮ್ಮ ರೂಪಾಯಿಯೂ ಅವರ ರೂಪಾಯಿಯೂ ಒಟ್ಟಿಗೆ ಓಡಾಡುತ್ತಿದ್ದವು. ದರ ಸಂತೆಯಲ್ಲಿ ತರಕಾರಿ ಬೆಲೆ ಏರಿ ಇಳಿದ ಹಾಗೆ ಏರಿ ಇಳಿಯುತ್ತಿತ್ತು. 1960ರ ಏಪ್ರಿಲ್‌ನಲ್ಲಿ ಮೊದಲ ಸಲ ಗಟ್ಟಿ ಮಾಡಿದರು. ಆಗಲೂ 100ಕ್ಕೆ 160. ಈಗಿನ ದರವನ್ನೇ ನೋಡಿದವರಿಗೆ 1960ರಿಂದ ಅದೇ ನಡೆದು ಬಂದಿದೆ ಅನ್ನಿಸುವುದು ಇದಕ್ಕೇ.

ಈಗ 1966ಕ್ಕೆ ಬನ್ನಿ. ನಿಮ್ಮ ಪ್ರಾಜೆಕ್ಟಿನಲ್ಲಿ ಎರಡು ಪುಟ ಈ ವರ್ಷಕ್ಕೇ ಇಡಿ. ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿತು. ಅಲ್ಲಿಯವರೆಗೆ ಒಂದು ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ನೇಪಾಳ ತನ್ನ ಡಾಲರ್ ದರ ಮುಟ್ಟಲಿಲ್ಲ. ಅವರದ್ದು ಸುಮಾರು 7.62 ಇತ್ತು, ಹಾಗೇ ಬಿಟ್ಟರು. ಈಗ ನೀವೇ ಭಾಗಿಸಿ. 7.62 ಭಾಗ 4.76 ಅಂದರೆ 1.60. ಅದೇ 7.62 ಭಾಗ 7.50 ಅಂದರೆ 1.0155ರ ಹತ್ತಿರ. ನೇಪಾಳ ಕೂತಲ್ಲೇ ಕೂತಿದ್ದರೂ 100ಕ್ಕೆ 160 ಇದ್ದ ದರ 101.55 ಆಗಿಬಿಟ್ಟಿತು. ಹೆಚ್ಚುಕಮ್ಮಿ ಸಮಸಮ!

ಇದನ್ನು ಓದಿದ ದಿನ ನನಗೆ ನೆನಪಾದದ್ದು ನಮ್ಮ ಹುಡುಗನಂಥವರು. ಆಗಲೂ ಎಷ್ಟೋ ನೇಪಾಳಿಗಳು ಇಲ್ಲಿ ದುಡಿಯುತ್ತಿದ್ದರು, ನಮ್ಮ ಸೈನ್ಯದಲ್ಲೂ ಇದ್ದರು. 100 ಕಳಿಸಿದರೆ ಮನೆಯಲ್ಲಿ 160 ಆಗುತ್ತಿದ್ದದ್ದು ಏಕ್‌ದಂ 101 ಚಿಲ್ಲರೆ. ದುಡಿಮೆ ಅಷ್ಟೇ, ಸಂಬಳ ಅಷ್ಟೇ. ಇನ್ನೊಂದು ಕಡೆ, ಭಾರತದಿಂದ ಅಲ್ಲಿಗೆ ಹೋಗುವ ಸಾಮಾನು ಅಗ್ಗವಾಯಿತು, ಅಲ್ಲಿಂದ ಇಲ್ಲಿಗೆ ಮಾರುವವರಿಗೆ ಹೊಡೆತ ಬಿತ್ತು. ಇದು ಜಾಸ್ತಿ ದಿನ ನಡೆಯಲಿಲ್ಲ. 1967ರ ಡಿಸೆಂಬರ್‌ನಲ್ಲಿ ನೇಪಾಳವೂ ತನ್ನ ರೂಪಾಯಿ ಇಳಿಸಿ ಡಾಲರಿಗೆ 10.125 ಮಾಡಿತು. ಅದನ್ನು 7.50ರಿಂದ ಭಾಗಿಸಿದರೆ 1.35. ದರ 100ಕ್ಕೆ 135 ಆಯಿತು.

ಆಮೇಲಿನದ್ದು ಮೆಟ್ಟಿಲು ಮೆಟ್ಟಿಲು. 1971ರ ಕೊನೆಗೆ 139, 1978ರಲ್ಲಿ 145. 1985ರ ನವೆಂಬರ್‌ನಲ್ಲಿ ನೇಪಾಳ ಮತ್ತೆ ಇಳಿಸಿತು, 1986ರ ಹೊತ್ತಿಗೆ 168ಕ್ಕೆ ನಿಂತಿತು. 1991ರ ಜುಲೈನಲ್ಲಿ ನಾವು ಎರಡು ಸಲ ಇಳಿಸಿದೆವು. ಈ ಸಲ ನೇಪಾಳ 1966ರ ಹಾಗೆ ಸುಮ್ಮನೆ ಕೂರಲಿಲ್ಲ, ಕೂಡಲೇ ತಾನೂ ಇಳಿಸಿತು, ಹಾಗಾಗಿ ದರ 168ರಿಂದ 165ಕ್ಕೆ ಬಂದದ್ದು ಅಷ್ಟೇ. 1993ರಲ್ಲಿ ಮತ್ತೆ 160.

ಇನ್ನು ಆ ನಡುಕ. 1.598, 1.603 ಅಂತ ಕಾಣುತ್ತಲ್ಲ, ಅದು ದರದ ಏರಿಳಿತ ಅಲ್ಲ. ದರ ತೋರಿಸುವ ಸೈಟುಗಳು ಎರಡೂ ರೂಪಾಯಿಯನ್ನು ಡಾಲರ್ ಮೂಲಕ ಲೆಕ್ಕ ಹಾಕುತ್ತವೆ. ನಮ್ಮ ಡಾಲರ್ ದರ ದಿನವಿಡೀ ಅಲುಗುತ್ತೆ, ನೇಪಾಳದ ಬ್ಯಾಂಕ್ ದಿನದ ದರ ಬರೆದು ಹಾಕುತ್ತೆ. ಎರಡೂ ಒಂದೇ ಗಳಿಗೆಯವಲ್ಲ. ಭಾಗಿಸಿದಾಗ ಕೊನೆಯ ಅಂಕಿ ತೂಗಾಡುತ್ತೆ. ದಯವಿಟ್ಟು ಅದಕ್ಕೆ ಕಾರಣ ಹುಡುಕಿ ಅಧ್ಯಾಯ ಬರೆಯಬೇಡಿ.

ಕಟ್ಟಿ ನಿಲ್ಲಿಸುವುದು ಪುಕ್ಕಟೆ ಅಲ್ಲ ಅನ್ನುವುದನ್ನೂ ಸೇರಿಸಿ. ನೇಪಾಳ ನಮ್ಮಿಂದ ಕೊಳ್ಳುವುದು ಜಾಸ್ತಿ, ಮಾರುವುದು ಕಡಿಮೆ. ಐಸಿ ಸಾಲದೇ ಬಂದಾಗ ಅವರ ರಾಷ್ಟ್ರ ಬ್ಯಾಂಕ್ ತನ್ನ ಡಾಲರ್ ಮಾರಿ ನಮ್ಮ ರೂಪಾಯಿ ಕೊಳ್ಳುತ್ತೆ. ನಮ್ಮ ರೂಪಾಯಿ ಡಾಲರ್ ಎದುರು ಬಿದ್ದರೆ ಅವರದ್ದೂ ಜೊತೆಗೇ ಬೀಳುತ್ತೆ. ಇಲ್ಲಿ ಡಾಲರ್ 80 ಆದರೆ ಅಲ್ಲಿ 128. 2016ರ ನವೆಂಬರ್‌ನಲ್ಲಿ ನಮ್ಮ 500, 1000ದ ನೋಟು ರದ್ದಾದಾಗ ಅಲ್ಲಿನ ಎಷ್ಟೋ ಮನೆಗಳಲ್ಲಿ ಆ ನೋಟು ಹಾಗೇ ಉಳಿದುಹೋಯಿತು. ಆದರೂ ದರ 1.60ರಿಂದ ಕದಲಲಿಲ್ಲ.

ಹಾಗಾಗಿ ಗ್ರಾಫನ್ನು 1960ರಿಂದ ಶುರು ಮಾಡಿ, ಮೆಟ್ಟಿಲಿನ ಹಾಗೆ ಎಳೆಯಿರಿ. ವರ್ಷದ ಸರಾಸರಿ ಹಾಕಬೇಡಿ, 1966ರ ಆ ದಿಢೀರ್ ಕುಸಿತ ಇಳಿಜಾರಿನ ಹಾಗೆ ಕಾಣುತ್ತೆ. ಕೆಳಗೆ ಎರಡೂ ರೂಪಾಯಿಯ ಡಾಲರ್ ದರ ಇಡಿ.

ನಮ್ಮ ಹುಡುಗ ಈಗ ಬ್ಯಾಂಕಿನ ನೇಪಾಳ ರೆಮಿಟೆನ್ಸ್ ಸ್ಕೀಮಿನಲ್ಲೇ ಕಳಿಸುತ್ತಾನೆ. ಒಂದು ಸಲಕ್ಕೆ 50,000 ಇದ್ದ ಮಿತಿ 2021ರ ಅಕ್ಟೋಬರ್‌ನಿಂದ 2 ಲಕ್ಷ ಆಗಿದೆ. ಪ್ರತಿ ಸಲ ಕಳಿಸಿ ಬಂದಮೇಲೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಐಸಿ ಒಂದು ಕಡೆ, 1.6ರಿಂದ ಗುಣಿಸಿದ ಎನ್‌ಸಿ ಇನ್ನೊಂದು ಕಡೆ ಬರೆದಿಡುತ್ತಾನೆ. ಅಮ್ಮ ಫೋನಿನಲ್ಲಿ ಎಷ್ಟು ಮುಟ್ಟಿತು ಅಂತ ಹೇಳಿದ ಮೇಲೇ ಅದಕ್ಕೆ ಟಿಕ್ ಹಾಕುವುದು.