ಎಲ್ಲರೂ ಸೇರಿ ಬಿಡಿಸಿದ ನಕ್ಷೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಶಿರಸಿ ತಾಲೂಕಿನ ಘಟ್ಟದಂಚಿನ ನಮ್ಮ ಊರಿನಲ್ಲಿ ಮನೆಗಳು ತೋಟಕ್ಕೊಂದರಂತೆ ಚದುರಿಕೊಂಡಿವೆ. ಮಳೆಗಾಲದಲ್ಲಿ ಆಂಬುಲೆನ್ಸ್ ಚಾಲಕರಿಗೂ ಹೊಸದಾಗಿ ಬರುವ ಲೈನ್‌ಮನ್‌ಗಳಿಗೂ ಕೊಡಲು ಒಂದು ನಕ್ಷೆಯನ್ನು ಮುದ್ರಿಸಲು ನಮ್ಮ ಯುವಕ ಮಂಡಳಿ ನಿರ್ಧರಿಸಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಅದನ್ನು ತೆಗೆದುಕೊಳ್ಳೋಣವೆಂದರೆ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯನ್ನು ನಂಬಬೇಡಿ ಎಂದು ಹಿರಿಯರೊಬ್ಬರು ಎಚ್ಚರಿಸಿದ್ದಾರೆ. ಅದು ನಂಬಿಕೆಗೆ ಅರ್ಹವೇ ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ನಿಮ್ಮ ಹಿರಿಯರ ಎಚ್ಚರಿಕೆ ಸರಿಯಾದದ್ದೇ, ಆದರೆ ಅವರು ಕೊಟ್ಟ ಕಾರಣ ಸಾಲದು. ಯಾರು ಬೇಕಾದರೂ ತಿದ್ದಬಹುದು ಎಂಬ ಮಾತ್ರಕ್ಕೆ ನಕ್ಷೆ ಕೆಡುವುದಿಲ್ಲ. ಸ್ಟೀವ್ ಕೋಸ್ಟ್ ಅವರು 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭಿಸಿದ ಈ ನಕ್ಷೆಯನ್ನು ಲಂಡನ್ನಿನ ಸಂಶೋಧಕ ಮುಕಿ ಹಕ್ಲೇ ಅವರು ಅಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆಯ ನಕ್ಷೆಯೊಂದಿಗೆ ಹೋಲಿಸಿ 2010ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಸ್ವಯಂಸೇವಕರು ಬಿಡಿಸಿದ ರಸ್ತೆಗಳು ಸರಾಸರಿ 6 ಮೀಟರಿನಷ್ಟು ಮಾತ್ರ ಅತ್ತಿತ್ತ ಸರಿದಿದ್ದವು. ಆದರೆ ನಿಮಗೆ ಮುಖ್ಯವಾಗಬೇಕಾದದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ: ನಗರಗಳು ತುಂಬಿಕೊಂಡಿದ್ದವು, ಹಳ್ಳಿಗಾಡು ಮತ್ತು ಬಡವರ ಬಡಾವಣೆಗಳಲ್ಲಿ ಬಹಳಷ್ಟು ಬಿಟ್ಟುಹೋಗಿತ್ತು. ಆದ್ದರಿಂದ ಇಡೀ ನಕ್ಷೆಗೆ ಒಂದೇ ಅಂಕ ಕೊಡಲು ಹೋಗದೆ, ನಿಮ್ಮ ಕೆಲಸಕ್ಕೆ ಬೇಕಾದ ಒಂದೊಂದು ಗೆರೆಯನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು.

ಕಾರವಾರದ ಅಥವಾ ಕುಮಟಾದ ಪೇಟೆಬೀದಿಗಳು ಉಪಗ್ರಹ ಚಿತ್ರದಲ್ಲಿ ನಿಚ್ಚಳವಾಗಿ ಕಾಣುತ್ತವೆ. ನಿಮ್ಮ ಕಡೆ ಅಡಿಕೆ ತೋಟದ ನೆರಳು, ಅದರ ಮೇಲೆ ಸೊಪ್ಪಿನ ಬೆಟ್ಟ. ದೂರದಲ್ಲೆಲ್ಲೋ ಕುಳಿತು ಚಿತ್ರ ನೋಡಿ ಬಿಡಿಸುವವರು ಡಾಂಬರು ರಸ್ತೆಯನ್ನು ಸರಿಯಾಗಿಯೇ ಎಳೆದಿರುತ್ತಾರೆ; ಅದರಿಂದ ಕವಲೊಡೆದ ಮಣ್ಣಿನ ದಾರಿ ಬೆಟ್ಟದ ಮರಗಳಡಿ ಸೇರಿದೊಡನೆ ಗೆರೆಯೂ ಅಲ್ಲಿಗೇ ನಿಂತುಬಿಡುತ್ತದೆ. ಖಾಲಿ ಜಾಗ ಕಂಡಾಗ ಅಲ್ಲಿ ದಾರಿಯಿಲ್ಲವೆಂದು ತಿಳಿಯಬಾರದು, ಯಾರೂ ಇನ್ನೂ ನಡೆದು ಬಿಡಿಸಿಲ್ಲವೆಂದಷ್ಟೇ ತಿಳಿಯಬೇಕು. ನಡೆದು ಬಿಡಿಸಿದ ಗೆರೆಗೂ ಮಿತಿಯಿದೆ: ಬಯಲಿನಲ್ಲಿ ಸುಮಾರು 5 ಮೀಟರಿನೊಳಗೆ ಸ್ಥಾನ ತೋರಿಸುವ ಫೋನು, ಮರಗಳಡಿಯ ಕಣಿವೆಯಲ್ಲಿ ಅದಕ್ಕಿಂತ ಹೆಚ್ಚು ತಪ್ಪುತ್ತದೆ.

ಗೆರೆಯ ಪೂರ್ವಾಪರವನ್ನು ನೋಡಲು ನಕ್ಷೆಯ ಜಾಲತಾಣದಲ್ಲೇ ಅವಕಾಶವಿದೆ. ರಸ್ತೆಯೊಂದನ್ನು ಆರಿಸಿಕೊಂಡರೆ ಅದು ಎಷ್ಟನೆಯ ಆವೃತ್ತಿ, ಕೊನೆಯ ಬಾರಿ ತಿದ್ದಿದ್ದು ಯಾವಾಗ, ತಿದ್ದಿದವರು ಬರೆದ ಟಿಪ್ಪಣಿಯೇನು, ಆಧಾರ ಉಪಗ್ರಹ ಚಿತ್ರವೋ ಸ್ಥಳ ಪರಿಶೀಲನೆಯೋ ಎಂಬುದು ಸಾಮಾನ್ಯವಾಗಿ ಸಿಗುತ್ತದೆ. ಆವೃತ್ತಿಯ ಸಂಖ್ಯೆ ದೊಡ್ಡದೆಂದು ಮರುಳಾಗಬೇಡಿ. ಇನ್ನೊಂದು ಭಾಷೆಯಲ್ಲಿ ಹೆಸರು ಸೇರಿಸಿದರೂ, ಸೇತುವೆಯ ಬಳಿ ಗೆರೆಯನ್ನು ಎರಡಾಗಿ ತುಂಡರಿಸಿದರೂ ಸಂಖ್ಯೆ ಏರುತ್ತದೆ. ಅಷ್ಟೂ ಬಾರಿ ಯಾರೂ ಆ ದಾರಿಯನ್ನು ತುಳಿದಿರಬೇಕೆಂದಿಲ್ಲ.

ನನ್ನ ಮಟ್ಟಿಗೆ ನಿಮ್ಮ ಭಾಗದ ನಿಜವಾದ ಪರೀಕ್ಷೆ ಕಾಲುಸಂಕ. ಹಳ್ಳದ ಮೇಲೆ ಎರಡು ದಿಮ್ಮಿ, ಅದರ ಮೇಲೆ ಒತ್ತೊತ್ತಾಗಿ ಹಾಸಿದ ಅಡಿಕೆ ದಬ್ಬೆ, ಹಿಡಿದುಕೊಳ್ಳಲು ಒಂದೇ ಬದಿಗೆ ಒಂದು ಬಿದಿರಿನ ಗಳ: ಇದನ್ನು ಚಿತ್ರ ನೋಡಿದವರೊಬ್ಬರು ಸಣ್ಣ ಸೇತುವೆಯೆಂದು ಭಾವಿಸಿ, ಎರಡೂ ದಡದ ದಾರಿಯನ್ನು ವಾಹನದ ರಸ್ತೆಯಾಗಿ ಗುರುತಿಸಿದರೆ, ರಾತ್ರಿ ಮಳೆಯಲ್ಲಿ ಬಂದ ಆಂಬುಲೆನ್ಸ್ ಹಳ್ಳದ ದಡಕ್ಕೆ ಬಂದು ನಿಲ್ಲುತ್ತದೆ. ಸ್ಥಾನದಲ್ಲಿ ಒಂದು ಮೀಟರೂ ತಪ್ಪಿಲ್ಲ, ಆದರೂ ಇಡೀ ನಕ್ಷೆಯಲ್ಲಿ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ. ಸ್ಥಾನ, ಪೂರ್ಣತೆ, ವರ್ಗ, ಕಾಲ, ಪರಸ್ಪರ ಹೊಂದಾಣಿಕೆ ಇವುಗಳನ್ನು ಬೇರೆ ಬೇರೆಯಾಗಿಯೇ ಅಳೆಯಬೇಕೆಂದು ಐಎಸ್‌ಒ 19157 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಇದೇ ಕಾರಣಕ್ಕೆ. ಹೊಂದಾಣಿಕೆಯ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ಪರದೆಯ ಮೇಲೆ ಕೂಡಿದಂತೆ ಕಾಣುವ ಎರಡು ದಾರಿಗಳು ಒಂದೇ ಬಿಂದುವನ್ನು ಹಂಚಿಕೊಂಡಿರದಿದ್ದರೆ, ದಾರಿ ತೋರಿಸುವ ಆ್ಯಪ್ ಅವುಗಳ ನಡುವೆ ದಾಟದೆ ಸುತ್ತುಬಳಸಿ ಕರೆದೊಯ್ಯುತ್ತದೆ.

ಮೊದಲು ಒಂದು ಚದರ ಕಿಲೋಮೀಟರನ್ನು ಆರಿಸಿಕೊಂಡು ನಡೆಯಿರಿ. ನೆಲದ ಮೇಲಿದ್ದು ನಕ್ಷೆಯಲ್ಲಿ ಇಲ್ಲದ್ದನ್ನೂ, ನಕ್ಷೆಯಲ್ಲಿದ್ದು ನೆಲದ ಮೇಲೆ ಇಲ್ಲದ್ದನ್ನೂ ಪ್ರತ್ಯೇಕವಾಗಿ ಎಣಿಸಿ. ಈ ಕೆಲಸವನ್ನು ಮೇ ತಿಂಗಳಲ್ಲಿ ಮುಗಿಸಿಬಿಡಬೇಡಿ, ಹಳ್ಳ ತುಂಬಿದ ಜುಲೈನಲ್ಲಿಯೂ ಮಾಡಿ. ಆ ಬಳಿಕ ಊರನ್ನು ಎಂದೂ ನೋಡದ ಒಬ್ಬರಿಗೆ ಬೈಕು ಮತ್ತು ನಕ್ಷೆಯನ್ನಷ್ಟೇ ಕೊಟ್ಟು, ಮೂಲೆಯ ಮನೆಯೊಂದಕ್ಕೆ ಕಳುಹಿಸಿ. ಊರವರಿಗೆ ನಕ್ಷೆಯ ತಪ್ಪು ಸುಲಭವಾಗಿ ಕಾಣುವುದಿಲ್ಲ, ಏಕೆಂದರೆ ಅವರ ಕಾಲು ನಕ್ಷೆ ನೋಡದೆಯೇ ಸರಿಯಾದ ಕಡೆ ತಿರುಗಿರುತ್ತದೆ. ಸಿಕ್ಕಿದ ತಪ್ಪುಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ತಿದ್ದಿ. ಗೂಗಲ್ ನಕ್ಷೆ ನೋಡಿ ನಕಲು ಮಾಡಲು ಮಾತ್ರ ಅಲ್ಲಿ ಅನುಮತಿಯಿಲ್ಲ.

ಪ್ರಶ್ನೆ: ನನ್ನ ಫೋನಿನಲ್ಲಿ ಇಳಿಸಿಕೊಂಡಿರುವ ನಕ್ಷೆಯಲ್ಲಿ ಸದಾಶಿವಗಡಕ್ಕೆ ಹೋಗುವ ಕಾಳಿ ನದಿಯ ಹಳೆಯ ಸೇತುವೆ ಇನ್ನೂ ಇದೆ. ನಕ್ಷೆಯೇ ಸುಳ್ಳೆನ್ನಬೇಕೇ?
– ಓದುಗರೊಬ್ಬರು, ಕಾರವಾರ

ಉತ್ತರ: ಆ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರ ನಸುಕಿನಲ್ಲಿ. ನಿಮ್ಮ ಪ್ರತಿ ಅದಕ್ಕಿಂತ ಹಿಂದಿನದಾಗಿದ್ದರೆ ಅಂದಿಗೆ ಅದು ಸರಿಯಾಗಿಯೇ ಇತ್ತು. ಇಂಟರ್‌ನೆಟ್ ಇಲ್ಲದೆ ನಡೆಯುವ ಆ್ಯಪ್‌ಗಳು ನೀವು ನವೀಕರಿಸುವವರೆಗೆ ಹಳೆಯ ಪ್ರತಿಯನ್ನೇ ತೋರಿಸುತ್ತವೆ. ಹೊಸ ಪ್ರತಿಯಲ್ಲೂ ವಾಹನ ದಾಟಬಹುದಾದ ಸೇತುವೆಯಾಗಿಯೇ ಕಂಡರೆ ಜಾಲತಾಣದ ನಕ್ಷೆಯ ಮೇಲೆ ಆ ಜಾಗದಲ್ಲಿ ಒಂದು ಟಿಪ್ಪಣಿ ಇರಿಸಿ, ತಿದ್ದುವವರು ಅದನ್ನು ನೋಡಿ ಸರಿಪಡಿಸುತ್ತಾರೆ. ಶಿರಸಿಯ ಓದುಗರೂ ಇದನ್ನು ಗಮನಿಸಬೇಕು: ಮುದ್ರಿಸುವ ಹಾಳೆಯ ಮೂಲೆಯಲ್ಲಿ ಮಾಹಿತಿ ಪಡೆದ ದಿನಾಂಕವನ್ನೂ, ಪ್ರತಿ ಸಂಕದ ಪಕ್ಕದಲ್ಲಿ ಅದನ್ನು ಕೊನೆಯದಾಗಿ ನೋಡಿ ಬಂದ ತಿಂಗಳನ್ನೂ ತಪ್ಪದೆ ಬರೆಯಿರಿ.