ಬಣ್ಣ ಕೊನೆಗೆ, ಮೊದಲು ನೀರಿನ ದಾರಿ ಹುಡುಕಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ನನಗೆ ಬರುವ ಪತ್ರಗಳಲ್ಲಿ ಸೋರುವ ತಾರಸಿಯ ಪತ್ರಗಳೇ ಜಾಸ್ತಿ. ಉಳಿದವು ಆಸ್ತಿಯ ಕಾಗದಪತ್ರದವು. ಶಿವಮೊಗ್ಗದಲ್ಲಿ 34 ವರ್ಷ ಮನೆ ಕಟ್ಟಿಸಿ, ಹಳೇ ಮನೆ ರಿಪೇರಿ ಮಾಡಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಕಾಗದಪತ್ರ ಓದುವುದನ್ನು ಕಲಿಸಿದ್ದು ಅಪ್ಪ. ಅವರು ತೀರ್ಥಹಳ್ಳಿಯಲ್ಲಿ ಪತ್ರ ಬರಹಗಾರರಾಗಿದ್ದರು.

ಪ್ರಶ್ನೆ: ನಮ್ಮದು 1992ರಲ್ಲಿ ಕಟ್ಟಿಸಿದ ಮನೆ. ಹಾಲ್‌ನ ಸೀಲಿಂಗ್‌ನಲ್ಲಿ ತೇವ ಕಾಣಿಸಿಕೊಂಡು ನಾಲ್ಕು ವರ್ಷವಾಯಿತು. ಎರಡು ಸಲ ತಾರಸಿಗೆ ಕೆಮಿಕಲ್ ಬಳಿಸಿದೆವು, 38,000 ರೂಪಾಯಿ ಖರ್ಚಾಯಿತು. ಮತ್ತೆ ಸೋರುತ್ತಿದೆ. ಹೋದ ತಿಂಗಳು ಅಂಗೈಯಗಲದ ಕಾಂಕ್ರೀಟ್ ಚೂರು ಸೋಫಾ ಮೇಲೆ ಬಿತ್ತು, ಒಳಗಿನ ಕಂಬಿ ಕಾಣುತ್ತಿದೆ. ಸಂಕ್ರಾಂತಿಗೆ ಬಣ್ಣ ಹೊಡೆಸಬೇಕು ಅಂತಿದ್ದೇವೆ. ಯಾವ ಕೆಮಿಕಲ್ ಒಳ್ಳೆಯದು?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮೇಡಂ, ಮೊದಲು ಸೋಫಾ ಅಲ್ಲಿಂದ ಸರಿಸಿ. ಆ ಜಾಗದ ಕೆಳಗೆ ಯಾರೂ ಕೂರಬೇಡಿ, ಮಕ್ಕಳನ್ನು ಮಲಗಿಸಬೇಡಿ. ಈ ಕೆಲಸ ಇವತ್ತೇ ಆಗಲಿ.

ಕೆಮಿಕಲ್ ಹೆಸರನ್ನು ನಾನು ಹೇಳುವುದಿಲ್ಲ. ಎರಡು ಸಲ ಬಳಿದವರು ನೀರು ಎಲ್ಲಿಂದ ಇಳಿಯುತ್ತಿದೆ ಅಂತ ನೋಡಿದ್ದರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಹಾಲ್‌ನಲ್ಲಿ ತೇವ ಇದೆ ಅಂದ ಮಾತ್ರಕ್ಕೆ ಬಿರುಕು ನೇರವಾಗಿ ಅದರ ಮೇಲೇ ಇರಬೇಕು ಅಂತಿಲ್ಲ. ನೀರು ಒಂದು ಕಡೆ ಇಳಿದು, ಗಾರೆಯ ಅಡಿಯಲ್ಲಿ ಹತ್ತಡಿ ಹರಿದು, ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ.

ಕೆಲವು ವರ್ಷದ ಹಿಂದೆ ನಮ್ಮೂರಿನ ಒಂದು ಮನೆಗೆ ಹೋಗಿದ್ದೆ. ಅಡುಗೆಮನೆ ಸೋರುತ್ತಿತ್ತು. ಅಡುಗೆಮನೆಯ ಮೇಲಿನ ತಾರಸಿಯನ್ನು ಅವರು ಮೂರು ಸಲ ಬಳಿಸಿದ್ದರು, ಅಲ್ಲಿ ಒಂದು ಗೆರೆಯೂ ಇರಲಿಲ್ಲ. ಆಚೆ ಮೂಲೆಯಲ್ಲಿ ಸೋಲಾರ್ ಹೀಟರ್ ಇತ್ತು. ಅದರ ಸ್ಟ್ಯಾಂಡ್ ಅಲ್ಲಾಡದಿರಲಿ ಅಂತ ತಾರಸಿಗೆ ನಾಲ್ಕು ಬೋಲ್ಟ್ ಹೊಡೆದಿದ್ದರು. ಒಂದು ಬೋಲ್ಟ್ ಬಿಚ್ಚಿ ಆ ತೂತಿಗೆ ಚೊಂಬಿನಿಂದ ನೀರು ಹಾಕಿದೆ. ನೀರು ನಿಲ್ಲಲೇ ಇಲ್ಲ. ಒಂದು ಚೊಂಬು, ಎರಡು, ಐದು, ಹಾಕಿದಷ್ಟೂ ಕುಡಿಯಿತು. ಇಪ್ಪತ್ತು ನಿಮಿಷ ಆದ ಮೇಲೆ ಕೆಳಗಿನಿಂದ ಮನೆಯಾಕೆ ಕೂಗಿದರು: ಒಲೆಯ ಮೇಲೆ ಹನಿ ಬೀಳುತ್ತಿದೆ!

ಹಾಗಾಗಿ ನೀವೂ ಹುಡುಕಿ. ಮಳೆ ಇಲ್ಲದ ದಿನಗಳಲ್ಲೂ ತೇವ ಇದ್ದರೆ ಅನುಮಾನ ಮೊದಲು ಓವರ್‌ಹೆಡ್ ಟ್ಯಾಂಕ್ ಮತ್ತು ಪೈಪಿನ ಮೇಲೆ. ಮಳೆ ಬಂದಾಗ ಮಾತ್ರ ಸೋರಿದರೆ ತಾರಸಿಯನ್ನು ಭಾಗ ಭಾಗವಾಗಿ ಪರೀಕ್ಷೆ ಮಾಡಿ. ಕೆಮ್ಮಣ್ಣಿನಿಂದ ಗೇಣುದ್ದದ ಕಟ್ಟೆ ಕಟ್ಟಿ, ಒಂದೊಂದು ಭಾಗದಲ್ಲಿ ಒಂದಿಂಚು ನೀರು ನಿಲ್ಲಿಸಿ, ಎರಡು ದಿನ ಬಿಡಿ. ನಿಮ್ಮ ಮೋಲ್ಡ್‌ನ ಕಂಬಿ ತುಕ್ಕು ಹಿಡಿದಿರುವುದರಿಂದ ಅದಕ್ಕಿಂತ ಜಾಸ್ತಿ ನೀರು ಬೇಡ. ಹಾಲ್‌ನ ನೇರ ಮೇಲಿರುವ ಭಾಗವನ್ನು ಎಂಜಿನಿಯರ್ ಬಂದು ನೋಡುವ ತನಕ ಮುಟ್ಟಬೇಡಿ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಬೆರಳಿಂದ ಮುಟ್ಟಿ ನೋಡಿ. ಅಲ್ಲಿ ಅರಳಿ ಗಿಡ ಹುಟ್ಟಿದ್ದರೆ ಬೇರು ಒಳಗೆ ಎಷ್ಟು ದೂರ ಹೋಗಿದೆಯೋ ಅಷ್ಟು ದೂರ ನೀರೂ ಹೋಗುತ್ತದೆ. ಮಳೆನೀರಿನ ಪೈಪಿನ ಬಾಯಿ ನೋಡಿ. ತಾರಸಿಯ ಮೇಲೆ ಸುತ್ತಿಗೆಯ ಮರದ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಇದ್ದ ಕಡೆ ‘ಟಣ್’ ಅನ್ನುತ್ತದೆ. ಗಾರೆ ಬಿಟ್ಟುಕೊಂಡ ಕಡೆ ‘ಡಬ್ ಡಬ್’ ಅನ್ನುತ್ತದೆ. ಅಂಥ ಕಡೆಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಕಾಂಕ್ರೀಟ್ ಯಾಕೆ ಉದುರಿತು ಅಂದರೆ, ಕಬ್ಬಿಣ ತುಕ್ಕು ಹಿಡಿದಾಗ ಊದಿಕೊಳ್ಳುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಸಿಡಿದು ಬೀಳುತ್ತದೆ. ಅದರ ಮೇಲೆ ಸುಮ್ನೆ ಸಿಮೆಂಟ್ ಮೆತ್ತಿದರೆ ಎರಡು ವರ್ಷದಲ್ಲಿ ಅದೂ ಬೀಳುತ್ತದೆ. ಸಡಿಲ ಆಗಿರುವುದನ್ನೆಲ್ಲ ಕೆತ್ತಿ ತೆಗೆಯಬೇಕು. ಕಂಬಿಯನ್ನು ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಬೇಕು. ತುಕ್ಕು ತಡೆಯುವ ಲೇಪ ಬಳಿದು, ಪಾಲಿಮರ್ ಸೇರಿಸಿದ ಗಾರೆ ತುಂಬಬೇಕು. ಕಂಬಿ ಎಷ್ಟು ಸವೆದಿದೆ ಅನ್ನುವುದಕ್ಕೆ ಮೇಸ್ತ್ರಿಯ ಮಾತು ಸಾಲದು, ಮೊದಲೇ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅವರ ಫೀಸಿಗೆ ಹಿಂಜರಿಯಬೇಡಿ. ನೀವು ಆಗಲೇ ಕಳೆದುಕೊಂಡ 38,000ದ ಪಕ್ಕದಲ್ಲಿ ಇಟ್ಟು ನೋಡಿ.

ಮೊದಲು ಮೇಲಿನ ಕೆಲಸ. ಆಮೇಲೆ ಕೆಳಗಿನ ಕಂಬಿ ಮತ್ತು ಗಾರೆ. ಬಣ್ಣ ಮುಂದಿನ ಮಳೆಗಾಲ ದಾಟಿದ ಮೇಲೆ. ಸಂಕ್ರಾಂತಿಗೆ ಆ ಸೀಲಿಂಗ್ ಹಾಗೇ ಇರಲಿ ಮೇಡಂ. ಬಂದವರಿಗೆ ‘ರಿಪೇರಿ ನಡೀತಿದೆ’ ಅಂದರೆ ಸಾಕು.

ಪ್ರಶ್ನೆ: ಅಜ್ಜನ ಕಾಲದ ಮನೆ, ರೆಡ್ ಆಕ್ಸೈಡ್ ನೆಲ. ಒಂದೆರಡು ಕಡೆ ಬಿರುಕು ಬಿಟ್ಟಿದೆ. ಮಗನ ಮದುವೆಗೆ ಅದರ ಮೇಲೆಯೇ ಟೈಲ್ಸ್ ಹಾಕಿಸಬಹುದಾ?
— ಸಾಗರ

ಉತ್ತರ: ಹಾಕಿಸಬಹುದು, ಆದರೆ ಬೇಡ ಅಂತ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಹಳೆ ನೆಲದ ಮೇಲೆ ಗಾರೆ ಹಾಕಿ ಟೈಲ್ಸ್ ಕೂರಿಸಿದರೆ ನೆಲ ಎರಡಿಂಚಿನ ತನಕ ಏರುತ್ತದೆ. ಆಗ ಎಲ್ಲ ಬಾಗಿಲನ್ನೂ ಕೆಳಗೆ ಕೊಯ್ಯಬೇಕು, ಹೊಸ್ತಿಲು ಮುಳುಗುತ್ತದೆ, ಬಚ್ಚಲ ನೀರಿನ ಇಳಿಜಾರು ಕೆಡುತ್ತದೆ. ಮಲೆನಾಡಿನ ಚಳಿಯಲ್ಲಿ ಬರಿಗಾಲಲ್ಲಿ ನಿಂತು ನೋಡಿ, ನುಣುಪು ಟೈಲ್ಸ್‌ಗಿಂತ ಈ ನೆಲ ಕಾಲಿಗೆ ಹಿತ. ಹೀಗೆ ಕೈಯಲ್ಲಿ ಉಜ್ಜಿ ಹೊಳಪು ತರುವ ಗಾರೆ ಕೆಲಸದವರು ಈಗ ಸಿಗುವುದೇ ಅಪರೂಪ. ಬಿರುಕನ್ನು ಅದೇ ಬಣ್ಣದ ಆಕ್ಸೈಡ್ ಮತ್ತು ಸಿಮೆಂಟ್ ಕಲಸಿ ತುಂಬಿಸಿ. ಗುರುತು ಕಾಣುತ್ತದೆ, ಕಾಣಲಿ. ಒಂದು ವಾರ ಒದ್ದೆ ಬಟ್ಟೆ ಹಾಕಿಡಿ. ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಿಂದ ಉಜ್ಜಿ, ಎಣ್ಣೆ ಪೂರ್ತಿ ಹೀರಿಕೊಳ್ಳುವ ತನಕ ಯಾರೂ ಓಡಾಡಬೇಡಿ, ಜಾರುತ್ತದೆ. ಉಳಿದ ದುಡ್ಡಲ್ಲಿ ವೈರಿಂಗ್ ಬದಲಾಯಿಸಿ. ಅಜ್ಜನ ಕಾಲದ ವೈರು ಈಗಿನ ಗೀಸರ್, ಮಿಕ್ಸಿ, ಫ್ರಿಜ್ ಎಲ್ಲವನ್ನೂ ತಡೆಯುವುದಿಲ್ಲ. ಅರ್ತಿಂಗ್ ಸರಿ ಇದೆಯಾ ನೋಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಒಂದನ್ನು ಹಾಕಿಸಿ. ಒದ್ದೆ ಕೈಯಲ್ಲಿ ಶಾಕ್ ಹೊಡೆದಾಗ ಜೀವ ಉಳಿಸುವುದು ಅದು.

ಪ್ರಶ್ನೆ: ತುಮಕೂರಲ್ಲಿ 30x40 ಸೈಟಿನಲ್ಲಿ ಕಟ್ಟಿರುವ ಮನೆ ನೋಡಿದ್ದೇವೆ. 60 ಲಕ್ಷ ಹೇಳುತ್ತಿದ್ದಾರೆ. ಮಾರುವವರ ಹತ್ತಿರ ಇರುವುದು ಜಿಪಿಎ ಮತ್ತು ಬಿ ಖಾತೆ. ‘ಖಾತೆ ಇದೆಯಲ್ಲ, ಇನ್ನೇನು ಬೇಕು, ಇನ್ನೊಂದು ಪಾರ್ಟಿ ಕಾಯ್ತಿದೆ, ನಾಳೆಯೇ ಐದು ಲಕ್ಷ ಅಡ್ವಾನ್ಸ್ ಕೊಡಿ’ ಅನ್ನುತ್ತಿದ್ದಾರೆ ಬ್ರೋಕರ್. ಸರ್, ಕೊಡಬಹುದಾ?
— ಹೆಸರು ಬೇಡ

ಉತ್ತರ: ಕೊಡಬೇಡಿ ತಮ್ಮಾ. ಇನ್ನೊಂದು ಪಾರ್ಟಿ ಕಾಯುತ್ತಿದ್ದರೆ ಕಾಯಲಿ, ತಗೊಂಡರೆ ತಗೊಳ್ಳಲಿ.

ಜಿಪಿಎ ಅಂದರೆ ಒಬ್ಬರ ಪರವಾಗಿ ಇನ್ನೊಬ್ಬರು ಕೆಲಸ ಮಾಡಲು ಕೊಟ್ಟ ಅಧಿಕಾರ, ಅಷ್ಟೇ. ಅದರಿಂದ ಆಸ್ತಿಯ ಒಡೆತನ ಕೈ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನಿಜವಾದ ಮಾಲೀಕರು ಯಾರು, ಬದುಕಿದ್ದಾರಾ, ಅವರೇ ಬಂದು ಕ್ರಯಪತ್ರಕ್ಕೆ ಸಹಿ ಹಾಕುತ್ತಾರಾ? ಇದು ನಿಮ್ಮ ಮೊದಲ ಪ್ರಶ್ನೆ ಆಗಬೇಕು. ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದರ ಆಯಸ್ಸೂ ಅಲ್ಲಿಗೆ ಮುಗಿಯಿತು.

ಖಾತೆಯೂ ಒಡೆತನದ ಪತ್ರ ಅಲ್ಲ, ತೆರಿಗೆ ಯಾರು ಕಟ್ಟಬೇಕು ಅನ್ನುವ ಲೆಕ್ಕ. ಬಿ ಖಾತೆ ಅಂದರೆ ಆ ಆಸ್ತಿಯಿಂದ ತೆರಿಗೆ ತಗೊಳ್ಳುತ್ತಿದ್ದಾರೆ ಅಂತ ಅರ್ಥ. ಬಡಾವಣೆಗೋ ಕಟ್ಟಡಕ್ಕೋ ಬೇಕಾದ ಮಂಜೂರಾತಿ ಇದೆ ಅಂತ ಅಲ್ಲ. ಬಹಳ ಬ್ಯಾಂಕುಗಳು ಇದಕ್ಕೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ನಾಳೆ ನೀವು ಮಾರುವಾಗ ಕೊಳ್ಳುವವರಿಗೂ ಇದೇ ತೊಂದರೆ ಅಲ್ವಾ?

ಮೂಲ ಪತ್ರದಿಂದ ಇವತ್ತಿನ ತನಕ ಆಸ್ತಿ ಯಾರಿಂದ ಯಾರಿಗೆ ಬಂತು ಅನ್ನುವುದಕ್ಕೆ ಒಂದೊಂದು ಕೈ ಬದಲಾವಣೆಗೂ ಪತ್ರ ಕೇಳಿ. ಹೊಲ ಸೈಟ್ ಆಗಿದ್ದರೆ ಭೂ ಪರಿವರ್ತನೆಯ ಆದೇಶ, ಬಡಾವಣೆ ನಕ್ಷೆ ಕೇಳಿ. 30 ವರ್ಷದ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರ) ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ನಮೂನೆ 15 ಬಂದರೆ ಅದರಲ್ಲಿ ವ್ಯವಹಾರಗಳ ಪಟ್ಟಿ ಇರುತ್ತದೆ. ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಇಲ್ಲ ಅಂತ. ಆದರೆ ನೋಂದಣಿ ಮಾಡಿಸದ ಕರಾರು, ಕೋರ್ಟಿನಲ್ಲಿರುವ ದಾವೆ ಇ.ಸಿ.ಯಲ್ಲಿ ಕಾಣದೇ ಹೋಗಬಹುದು. ಅದಕ್ಕೇ ಅಸಲು ಪತ್ರ ಕಣ್ಣಿಂದ ನೋಡಬೇಕು. ಜೆರಾಕ್ಸ್ ಮಾತ್ರ ತೋರಿಸಿದರೆ ಅಸಲು ಯಾರ ಹತ್ತಿರ ಅಡವಿದೆ ಅಂತ ಕೇಳಿ.

ಇನ್ನೊಂದು ಕೆಲಸ ಅಪ್ಪನಿಂದ ಕಲಿತದ್ದು. ಅವರು ಪತ್ರದಲ್ಲಿನ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನು, ಕಚೇರಿಯಲ್ಲಿ ಓದಿ ಮುಗಿಸುತ್ತಿರಲಿಲ್ಲ. ಜಾಗಕ್ಕೆ ಹೋಗಿ, ಮಧ್ಯೆ ನಿಂತು, ಗಟ್ಟಿಯಾಗಿ ಓದುತ್ತಿದ್ದರು. ‘ಪೂರ್ವಕ್ಕೆ ರಸ್ತೆ’ ಅಂತ ಓದಿ ಪೂರ್ವಕ್ಕೆ ತಿರುಗುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಂದು ಸಲ ಜೊತೆಗೆ ಹೋಗಿದ್ದೆ. ಪೂರ್ವಕ್ಕೆ ತಿರುಗಿದರೆ ಎದುರಿಗೆ ಇದ್ದದ್ದು ಪಕ್ಕದ ಮನೆಯ ಕೊಟ್ಟಿಗೆ, ರಸ್ತೆ ಬೆನ್ನ ಹಿಂದಿತ್ತು. ಪತ್ರ ಬೇರೆ ಸೈಟಿನದ್ದು! ಅಪ್ಪ ಪತ್ರ ಮಡಚಿ ಕೊಳ್ಳುವವರ ಕೈಗೆ ಕೊಟ್ಟು, ‘ಇವತ್ತು ಬರೆಯಲ್ಲ’ ಅಂದರು. ನೀವೂ ಟೇಪ್ ಹಿಡಿದು ಹೋಗಿ. 30 ಅಡಿ ಅಂದದ್ದು 28 ಇದ್ದರೆ 1,200 ಚದರ ಅಡಿಯಲ್ಲಿ 80 ಅಡಿ ಹೋಯಿತು.

ಎಲ್ಲ ಸರಿ ಇದ್ದು ಕೊಳ್ಳುವುದಾದರೆ ಖರ್ಚಿನ ಲೆಕ್ಕ ಹೀಗೆ. 60 ಲಕ್ಷಕ್ಕೆ ಮುದ್ರಾಂಕ ಶುಲ್ಕ 5%, ಅಂದರೆ 3 ಲಕ್ಷ. ಆ ಶುಲ್ಕದ ಮೇಲೆ 10% ಸೆಸ್ 30,000. ನಗರದಲ್ಲಿ 2% ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ, 1,20,000. ಒಟ್ಟು 4,56,000 ರೂಪಾಯಿ. ಮಾರ್ಗಸೂಚಿ ಬೆಲೆ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ) 60 ಲಕ್ಷಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ. 50 ಲಕ್ಷ ಮುಟ್ಟಿದ ಆಸ್ತಿ ಆದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ 1% ಟಿಡಿಎಸ್ (ಮಾರುವವರ ಲೆಕ್ಕಕ್ಕೆ ಮುಂಚಿತವಾಗಿ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು. ವಕೀಲರೊಬ್ಬರಿಗೆ ಪತ್ರಗಳನ್ನು ತೋರಿಸಿ. ಬ್ರೋಕರ್ ಕರೆದುಕೊಂಡು ಬರುವ ವಕೀಲರು ಬೇಡ, ನೀವೇ ಹುಡುಕಿದವರು.

ಪ್ರಶ್ನೆ: ನಮಸ್ಕಾರ ರೀ. ಹುಬ್ಬಳ್ಳಿಯೊಳಗ ನಮ್ಮಪ್ಪ 1986ರಾಗ ತಗೊಂಡ ಮನಿ ಐತಿ. ಅಪ್ಪ ವಿಲ್ ಬರೀದ ತೀರಿಕೊಂಡರು. ಅವ್ವ, ಅಣ್ಣ, ನಾನು, ನಮ್ಮ ತಂಗಿ ಇದ್ದೇವಿ. ಮನಿ ಮಾರೂದು ಅಂತ ಆಗೇತಿ, 80 ಲಕ್ಷಕ್ಕ ಮಾತಾಗೇತಿ. ಕೊಳ್ಳಾವರು 35 ಲಕ್ಷ ಕ್ಯಾಶ್ ಕೊಡ್ತೀವಿ ಅಂತಾರ. ಅಣ್ಣ ‘ನೀವಿಬ್ರೂ ಸುಮ್ನ ಸಹಿ ಮಾಡ್ರಿ’ ಅಂತಾನ. ಮಾರೂಕಿಂತ ಮೊದಲ ಅಡುಗಿಮನಿ ಹೊಸಾದು ಮಾಡಿಸೂಣು ಅಂತಾನೂ ಅಂತಾನ. ಏನ್ ಮಾಡ್ಲಿ?
— ಒಬ್ಬ ಅಕ್ಕ, ಹುಬ್ಬಳ್ಳಿ

ಉತ್ತರ: ಅಕ್ಕಾ, ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡು ವಿಲ್ ಬರೆಯದೆ ಹೋದ ಮನೆಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿಮ್ಮ ನಾಲ್ವರಿಗೂ ಸಮಪಾಲು. ಅವ್ವನಿಗೆ ಕಾಲು ಭಾಗ, ಅಣ್ಣನಿಗೆ ಕಾಲು, ನಿಮಗೆ ಕಾಲು, ತಂಗಿಗೆ ಕಾಲು. ಹೆಣ್ಣುಮಕ್ಕಳ ಸಹಿ ಬೇಕೇ ಬೇಕು. ಅಣ್ಣ ದಯೆಯಿಂದ ಕೊಡುವ ಪಾಲಲ್ಲ ಇದು. ಹಾಗಂತ ಜಗಳದಿಂದ ಶುರು ಮಾಡಬೇಡಿ. ಎಲ್ಲರೂ ಕೂತು, ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಖಾತೆಯನ್ನು ಮೊದಲು ನಾಲ್ವರ ಹೆಸರಿಗೂ ಮಾಡಿಸಿ.

ಕ್ಯಾಶ್ ಬೇಡವೇ ಬೇಡ. ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ತಗೊಂಡು ಸಿಕ್ಕಿಬಿದ್ದರೆ ತಗೊಂಡಷ್ಟೇ ಮೊತ್ತದ ದಂಡ, ಅದೂ ತಗೊಂಡವರಿಗೆ. ಆ 35 ಲಕ್ಷ ಯಾವ ಪತ್ರದಲ್ಲೂ ಇರುವುದಿಲ್ಲ. ಮನೆಯೊಳಗೆ ಹಂಚುವಾಗ ಅವ್ವನ ಕೈಗೆ ಎಷ್ಟು ಬಂತು ಅಂತ ಯಾರೂ ತೋರಿಸಲಾಗದು. ನನಗೆ ಕಾಡುವ ಮಾತು ಇದೇ.

ತೆರಿಗೆಗೆ ಹೆದರಿ ಕ್ಯಾಶ್ ಅನ್ನುತ್ತಿದ್ದರೆ, ಮೊದಲು ಲೆಕ್ಕ ಹಾಕಿಸಿ ನೋಡಿ. 2001ಕ್ಕೂ ಮುಂಚೆ ಕೊಂಡ ಮನೆಗೆ 2001ರ ಏಪ್ರಿಲ್ 1ರ ಬೆಲೆಯನ್ನೇ ಅಸಲು ಅಂತ ಹಿಡಿಯಬಹುದು, ಆ ದಿನದ ಮಾರ್ಗಸೂಚಿ ಬೆಲೆ ಮೀರದ ಹಾಗೆ. ಲಾಭದ ಮೇಲೆ 12.5% ತೆರಿಗೆ. ಇದು ಹಳೇ ಆಸ್ತಿ ಆದ್ದರಿಂದ ಹಣದುಬ್ಬರಕ್ಕೆ ತಕ್ಕಂತೆ ಅಸಲನ್ನು ಏರಿಸಿ, ಉಳಿದ ಲಾಭಕ್ಕೆ 20%ನ ಲೆಕ್ಕವೂ ಉಂಟು, ಯಾವುದು ಕಡಿಮೆಯೋ ಅದು. ತಮ್ಮ ಪಾಲಿನ ಲಾಭವನ್ನು ಎರಡು ವರ್ಷದಲ್ಲಿ ಇನ್ನೊಂದು ಮನೆ ಕೊಳ್ಳಲು ಅಥವಾ ಮೂರು ವರ್ಷದಲ್ಲಿ ಕಟ್ಟಿಸಲು ಹಾಕಿದರೆ ವಿನಾಯಿತಿ ಸಿಗುತ್ತದೆ. ಇಲ್ಲವೇ ಆರು ತಿಂಗಳೊಳಗೆ ಇದಕ್ಕೆಂದೇ ಇರುವ ಬಾಂಡ್‌ನಲ್ಲಿ 50 ಲಕ್ಷದ ತನಕ ಇಡಬಹುದು, ಐದು ವರ್ಷ ತೆಗೆಯುವ ಹಾಗಿಲ್ಲ. ಒಬ್ಬ ಆಡಿಟರ್ ಅರ್ಧ ದಿನದಲ್ಲಿ ನಾಲ್ವರದ್ದೂ ಲೆಕ್ಕ ಮಾಡಿ ಕೊಡುತ್ತಾರೆ.

ಹೊಸ ಅಡುಗೆಮನೆ ಬೇಡ. ಕೊಳ್ಳುವವರು ತಮಗೆ ಬೇಕಾದ ಹಾಗೆ ಒಡೆದು ಕಟ್ಟಿಸಿಕೊಳ್ಳುತ್ತಾರೆ, ನಿಮ್ಮ ದುಡ್ಡು ವಾಪಸ್ ಬರುವುದಿಲ್ಲ. ಸೋರುವ ನಲ್ಲಿ ರಿಪೇರಿ ಮಾಡಿಸಿ, ಸುಣ್ಣ ಬಣ್ಣ ಹೊಡೆಸಿ, ಹಿತ್ತಲು ಗುಡಿಸಿ. ಆದರೆ ಗೋಡೆಯಲ್ಲಿ ತೇವ ಇದ್ದರೆ ಬಣ್ಣದಲ್ಲಿ ಮುಚ್ಚಬೇಡಿ, ಇದೆ ಅಂತ ಹೇಳಿಬಿಡಿ. ಸುಲಭಕ್ಕೆ ಕಾಣದ ದೊಡ್ಡ ದೋಷ ಗೊತ್ತಿದ್ದರೆ ಮಾರುವವರು ತಿಳಿಸಲೇಬೇಕು ಅಂತ ಕಾನೂನೇ ಹೇಳುತ್ತದೆ. ಮೈಸೂರಿನ ಮೇಡಂ ಪತ್ರ ಮೇಲೆ ಓದಿದಿರಲ್ಲ, ಅಂಥ ಸೀಲಿಂಗ್ ಕೆಳಗೆ ಇನ್ನೊಬ್ಬರ ಮಕ್ಕಳು ಮಲಗುತ್ತಾರೆ.

ಕೊನೆಗೆ, ಅವ್ವನ ಪಾಲು ಅವ್ವನ ಬ್ಯಾಂಕ್ ಖಾತೆಗೇ ನೇರವಾಗಿ ಬೀಳಲಿ. ಮನೆ ಮಾರಿದ ಮೇಲೆ ಅವರು ಎಲ್ಲಿರುತ್ತಾರೆ ಅನ್ನುವುದು ಮಾರುವ ಮುಂಚೆ ತೀರ್ಮಾನ ಆಗಲಿ. ಅವರನ್ನೇ ಕೇಳಿ. ಕ್ರಯಪತ್ರದ ಕರಡು ಕೈಗೆ ಬಂದ ದಿನ ಅವ್ವನ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿ, ಒಂದು ಸಾಲೂ ಬಿಡದೆ. ಅರ್ಥ ಆಗದ ಸಾಲು ಇದ್ದರೆ ಅದನ್ನು ಹಾಗೇ ಬರೆದು ನನಗೆ ಕಳಿಸಿ. ಮುಂದಿನ ಸಂಚಿಕೆ ತನಕ ಕಾಯಿಸದೆ ಉತ್ತರ ಬರೆಯುತ್ತೇನೆ.