ಮನೆಯ ಇಂಟರ್ನೆಟ್ ಎಲ್ಲಿ ಕೈಕೊಡುತ್ತಿದೆ ಎಂದು ನಾವೇ ಪತ್ತೆ ಮಾಡಬಹುದಾ?

ಮೂಡಿಗೆರೆ ಹತ್ತಿರ ತೋಟದ ಮನೆ, ಫೈಬರ್ ಕನೆಕ್ಷನ್, ಮಳೆ ಹಿಡಿದ ಮೇಲೆ ವಿಡಿಯೋ ಕಾಲ್ ನಡುನಡುವೆ ನಿಂತುಹೋಗುತ್ತಿದೆ. ಕಂಪನಿಯವರು "ನಮ್ಮ ಕಡೆ ಎಲ್ಲ ಸರಿ ಇದೆ, ನಿಮ್ಮ ವೈಫೈ ನೋಡಿಕೊಳ್ಳಿ" ಅನ್ನುತ್ತಾರೆ. ಯಾರ ಮಾತು ನಿಜ ಅಂತ ತಿಳಿಯೋದು ಹೇಗೆ ಎಂದು ಕೇಳಿದ್ದೀರಿ.

ಖಂಡಿತ ತಿಳಿಯಬಹುದು. ನಾನೂ ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವವನು, ಮಳೆಗಾಲದ ಈ ಗೋಳು ಚೆನ್ನಾಗಿ ಗೊತ್ತು. ಇದಕ್ಕೆ ಯಾವ ಆ್ಯಪೂ ಬೇಡ. ವಿಂಡೋಸ್‌ನಲ್ಲೇ ಇರುವ ಪಿಂಗ್ (ಇನ್ನೊಂದು ಯಂತ್ರಕ್ಕೆ ಚಿಕ್ಕ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ತೋರಿಸುವ ಕಮಾಂಡ್) ಸಾಕು. ಆದರೆ ಒಂದಲ್ಲ, ಎರಡು ಪಿಂಗ್ ಒಟ್ಟಿಗೆ ಓಡಿಸಬೇಕು. ಬಹಳ ಜನ ಮಾಡದೆ ಬಿಡುವುದು ಇದನ್ನೇ.

ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ 192.168.1.1 ಥರದ ನಂಬರ್ ಇರುತ್ತದೆ. ಅದು ನಿಮ್ಮ ರೌಟರ್‌ನ ವಿಳಾಸ. ನಿಮ್ಮ ಕಂಪ್ಯೂಟರ್‌ನ ವಿಳಾಸವೇ 169.254 ಎಂದು ಶುರುವಾಗಿದ್ದರೆ ರೌಟರ್ ಅದಕ್ಕೆ ವಿಳಾಸ ಕೊಟ್ಟೇ ಇಲ್ಲ ಎಂದರ್ಥ, ಆಗ ಹೊರಗಿನ ಲೈನ್ ಬಗ್ಗೆ ಯೋಚಿಸುವ ಅಗತ್ಯವಿಲ್ಲ.

ಈಗ ಎರಡು ಕಿಟಕಿ ತೆರೆದು ಅಕ್ಕಪಕ್ಕ ಇಡಿ. ಒಂದರಲ್ಲಿ ರೌಟರ್‌ಗೆ ಪಿಂಗ್, ಇನ್ನೊಂದರಲ್ಲಿ 8.8.8.8ಕ್ಕೆ. ಅದು ಗೂಗಲ್‌ನ ಡಿಎನ್ಎಸ್ ಸರ್ವರ್ (ವೆಬ್‌ಸೈಟ್ ಹೆಸರಿಗೆ ನಂಬರ್ ವಿಳಾಸ ಹುಡುಕಿಕೊಡುವ ಯಂತ್ರ). ಸುಮ್ನೆ ಪಿಂಗ್ ಎಂದರೆ ವಿಂಡೋಸ್ 4 ಸಲ ಕಳಿಸಿ ನಿಲ್ಲಿಸಿಬಿಡುತ್ತದೆ. ಬಿಟ್ಟುಬಿಟ್ಟು ಬರುವ ತೊಂದರೆಗೆ ಅದು ಏನೇನೂ ಸಾಲದು. ಕೊನೆಗೆ ಒಂದು ಸ್ಪೇಸ್ ಬಿಟ್ಟು, ಹೈಫನ್ ಮತ್ತು ಟಿ ಅಕ್ಷರ ಸೇರಿಸಿದರೆ (ping 8.8.8.8 -t) ನೀವು ನಿಲ್ಲಿಸುವವರೆಗೂ ಓಡುತ್ತಿರುತ್ತದೆ. ಹಾಗೆ ಬಿಟ್ಟು ನಿಮ್ಮ ಮೀಟಿಂಗ್ ಶುರು ಮಾಡಿ.

ಕಾಲ್ ನಿಂತ ಕ್ಷಣ ಎರಡೂ ಕಿಟಕಿ ನೋಡಿ. ಎರಡರಲ್ಲೂ ಟೈಮ್ಡ್ ಔಟ್ (ಉತ್ತರ ಬರಲಿಲ್ಲ) ಎಂದು ಬಂದರೆ ತೊಂದರೆ ಮನೆಯೊಳಗೇ ಇದೆ. ನಮ್ಮ ಕಡೆಯ ಹಳೇ ಮನೆಗಳ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈ ಸೋತುಹೋಗುತ್ತದೆ, ಅಲ್ವಾ? ಲ್ಯಾನ್ ಕೇಬಲ್ ಹಾಕಿ ಇದನ್ನೇ ಮತ್ತೆ ಮಾಡಿ. ಆಗಲೂ ರೌಟರ್ ಉತ್ತರ ತಪ್ಪಿದರೆ ಕೇಬಲ್ ಅಥವಾ ರೌಟರ್ ಮೇಲೇ ಅನುಮಾನ. ರೌಟರ್ ಉತ್ತರ ಕೊಡುತ್ತಲೇ ಇದ್ದು, 8.8.8.8 ಮಾತ್ರ ನಿಂತರೆ ತೊಂದರೆ ರೌಟರ್‌ನಿಂದ ಆಚೆಗೆ. ಎರಡೂ ಸರಿ ಇದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್ಎಸ್ ಇರಬಹುದು. ಎನ್ಎಸ್‌ಲುಕಪ್ (nslookup) ಕಮಾಂಡ್ ಮುಂದೆ ಆ ವೆಬ್‌ಸೈಟ್ ಹೆಸರು ಹಾಕಿ, ಅದಕ್ಕೆ ವಿಳಾಸ ಸಿಗುತ್ತಿದೆಯೇ ನೋಡಿ.

ಮಿಲಿಸೆಕೆಂಡ್ ನಂಬರ್ ನೋಡಿ ಗಾಬರಿಯಾಗಬೇಡಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಬೆಂಗಳೂರು ಸುಮಾರು 250 ಕಿಲೋಮೀಟರ್ ಎಂದುಕೊಂಡರೆ ಹೋಗಿ ಬರಲು 3 ಮಿಲಿಸೆಕೆಂಡ್ ಕೂಡ ಬೇಡ. ಉಳಿದದ್ದೆಲ್ಲ ಸುತ್ತುದಾರಿ, ನಡುವಿನ ಯಂತ್ರಗಳ ಲೆಕ್ಕ. 20 ಇರಲಿ 40 ಇರಲಿ, ಒಂದೇ ಸಮ ಇದ್ದರೆ ವಿಡಿಯೋ ಕಾಲ್‌ಗೆ ತೊಂದರೆಯಿಲ್ಲ. 21, 20, 480, 22 ಅಂತ ಕುಣಿದರೆ ಮಾತು ತುಂಡಾಗುತ್ತದೆ.

ಪಿಂಗ್ ಹುಟ್ಟಿದ್ದೂ ಇಂಥದೇ ತಲೆನೋವಿನಿಂದ. ನೆಟ್‌ವರ್ಕ್ ವಿಚಿತ್ರವಾಗಿ ಆಡುತ್ತಿದೆ ಎಂದು ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಇದನ್ನು ಬರೆದರು. ಈಗಲೂ ನಾನು ಮೊದಲು ಕೈಹಾಕುವುದು ಇದಕ್ಕೇ.

ಟ್ರೇಸ್‌ಆರ್‌ಟಿ (tracert) ಎಂಬ ಇನ್ನೊಂದು ಕಮಾಂಡ್ 8.8.8.8ರವರೆಗಿನ ದಾರಿಯ ಒಂದೊಂದು ರೌಟರನ್ನೂ ತೋರಿಸುತ್ತದೆ, ಹೆಚ್ಚೆಂದರೆ 30ರವರೆಗೆ. ನಡುವೆ ನಕ್ಷತ್ರ (*) ಬಂದರೆ ಅಲ್ಲೇ ಲೈನ್ ಕಟ್ ಎಂದು ತಿಳಿಯಬೇಡಿ. ಎಷ್ಟೋ ರೌಟರ್‌ಗಳು ಇಂಥ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ಮುಂದಿನ ಸಾಲುಗಳು ಬರುತ್ತಿದ್ದರೆ ದಾರಿ ತೆರೆದಿದೆ. ನಕ್ಷತ್ರ ಶುರುವಾಗಿ ಕೊನೆಯವರೆಗೂ ಅದೇ ಇದ್ದು, ಪಿಂಗ್ ಕೂಡ ನಿಂತಿದ್ದರೆ ಮಾತ್ರ ಅನುಮಾನ ಪಡಿ.

ಇದಕ್ಕೆಲ್ಲ ಮುಂಚೆ ಫೈಬರ್ ಡಬ್ಬಿಯ ಎಲ್ಓಎಸ್ (LOS) ದೀಪ ನೋಡಿ. ಕೆಂಪು ಬಂದಿದ್ದರೆ ಬೆಳಕೇ ತಲುಪುತ್ತಿಲ್ಲ. ಸಿಲ್ವರ್ ಓಕ್ ಕೊಂಬೆ ಬಿದ್ದು ವೈರ್ ಜಗ್ಗಿದರೂ ಸಾಕು, ಪೂರ್ತಿ ತುಂಡಾಗಬೇಕಿಲ್ಲ. ಬಾಗಿದ ಜಾಗದಲ್ಲಿ ಬೆಳಕು ಸೋರುತ್ತದೆ. ಕೆಲವು ರೌಟರ್‌ಗಳ ಪುಟದಲ್ಲಿ ಆರ್‌ಎಕ್ಸ್ ಪವರ್ (ತಲುಪುವ ಬೆಳಕಿನ ಬಲ) ಎಂದು ಕಾಣುತ್ತದೆ. ಅದು ಮೈನಸ್ 27 ಡಿಬಿಎಂ ಆಸುಪಾಸಿಗೆ ಇಳಿದಿದ್ದರೆ ತುಂಬಾ ದುರ್ಬಲ. ಬಿಸಿಲಿನ ದಿನ ಒಂದು ಸಲ, ಜೋರು ಮಳೆಯಲ್ಲಿ ಇನ್ನೊಂದು ಸಲ ಬರೆದಿಟ್ಟುಕೊಳ್ಳಿ.

ಪಿಂಗ್ ಕಿಟಕಿಯಲ್ಲಿ ಕಂಟ್ರೋಲ್ ಸಿ ಒತ್ತಿದರೆ ಅದು ನಿಂತು, ಎಷ್ಟು ಪರ್ಸೆಂಟ್ ಲಾಸ್ (ಉತ್ತರ ಬಾರದ ಪಿಂಗ್) ಎಂಬ ಲೆಕ್ಕ ಬರುತ್ತದೆ. ಎರಡೂ ಕಿಟಕಿ, ಕೆಳಗಿನ ಗಡಿಯಾರ ಸೇರಿ ಕಾಣುವಂತೆ ಫೋಟೋ ತೆಗೆಯಿರಿ. ದೂರು ಕೊಡುವಾಗ "ನೆಟ್ ಸ್ಲೋ" ಎನ್ನಬೇಡಿ. ಲ್ಯಾನ್ ಕೇಬಲ್ ಹಾಕಿ ನೋಡಿದ್ದೇನೆ, ರೌಟರ್‌ವರೆಗೆ ಲಾಸ್ ಸೊನ್ನೆ, ಆಚೆಗೆ ಇಷ್ಟು, ಇಷ್ಟು ಗಂಟೆಗೆ ಎಂದು ಬರೆದು ಫೋಟೋ ಕಳಿಸಿ. ಆಗ "ನಿಮ್ಮ ವೈಫೈ ನೋಡಿಕೊಳ್ಳಿ" ಎನ್ನಲು ಅವರಿಗೆ ಜಾಗ ಇರುವುದಿಲ್ಲ, ಲೈನ್‌ಮನ್ ಕಳಿಸಿ ಎಂದು ಗಟ್ಟಿಯಾಗಿ ಕೇಳಬಹುದು.